ಶುಕ್ರವಾರ ತೊಳೆದ ಮೀನು

ವಿಜಯನಗರದ ನನ್ನ ತಂಗಿಯ ಮನೆಯಲ್ಲಿ ಮೀನುಗಳು ಸಾಯುತ್ತಿದ್ದದ್ದು ಶನಿವಾರವೇ. ವಾರವೆಲ್ಲ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದವು ಶನಿವಾರ ಬೆಳಿಗ್ಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಮನೆಯವರಿಗೆ ಇದರಲ್ಲಿ ಯಾವ ಆಶ್ಚರ್ಯವೂ ಇರಲಿಲ್ಲ. ಶನಿವಾರ ಯಾರ ವಾರ ಎಂದು ಎಲ್ಲರಿಗೂ ಗೊತ್ತಲ್ಲ!

ಆ ಮನೆಗೆ ಫಿಶ್ ಟ್ಯಾಂಕು ಬಂದದ್ದೇ ವಾಸ್ತುವಿನವರ ಅಪ್ಪಣೆಯಿಂದ. ತಂಗಿಯ ಗಂಡ ಸಿವಿಲ್ ಎಂಜಿನಿಯರು. ಮನೆಯ ನಕ್ಷೆಯನ್ನು ತಾವೇ ಬರೆದು, ಆಮೇಲೆ ಅದನ್ನು ವಾಸ್ತುವಿನವರ ಕೈಲಿ ತಿದ್ದಿಸಿಕೊಂಡವರು. ಈಶಾನ್ಯದಲ್ಲಿ ನೀರಿರಬೇಕು, ನೀರಿನಲ್ಲಿ ಎಂಟು ಕೆಂಪು ಮೀನು, ಒಂದು ಕಪ್ಪು ಮೀನು ಇರಬೇಕು ಎಂದಾಯಿತು. ಈಶಾನ್ಯದಲ್ಲಿ ಇದ್ದದ್ದು ದೊಡ್ಡ ಕಿಟಕಿ. ಬೆಳಗಿನ ಬಿಸಿಲು ನೆಟ್ಟಗೆ ಗಾಜಿಗೆ ಬಿದ್ದು ಪಾಚಿ ಕಟ್ಟುತ್ತಿತ್ತು. ಎರಡು ಬಿಂದಿಗೆ ನೀರು ಹಿಡಿಯುವ ಟ್ಯಾಂಕಿಗೆ ಒಂಬತ್ತು ಗೋಲ್ಡ್ ಫಿಶ್! ನಾನೀಗ ಇರುವ ಬೋಗಾದಿಯಲ್ಲಿ ಒಂದೇ ರೂಮಿಗೆ ಹುಡುಗರನ್ನು ತುರುಕುವ ಪಿ.ಜಿ. ಮಾಲೀಕರಿಗೂ ಇಷ್ಟು ಧೈರ್ಯವಿಲ್ಲ.

ಮೀನು ಸತ್ತರೆ ಯಾರೂ ಬೇಸರಪಡುವ ಹಾಗಿರಲಿಲ್ಲ. "ಮನೆಗೆ ಬತ್ತಿದ್ದ ಗಂಡಾಂತರಾನ ಪಾಪ ತಾನೇ ತಗೊಂಡೋಯ್ತು" ಎಂದು ತಂಗಿಯ ಅತ್ತೆ ಕೈಮುಗಿದು ಅದನ್ನು ಕರಿಬೇವಿನ ಗಿಡದ ಬುಡಕ್ಕೆ ಹಾಕುತ್ತಿದ್ದರು. ಸಂಜೆಯೊಳಗೆ ಎಂಜಿನಿಯರು ಅದೇ ಬಣ್ಣದ ಇನ್ನೊಂದನ್ನು ತಂದು ಬಿಡುತ್ತಿದ್ದರು. ಕರಿಬೇವು ಮಾತ್ರ ಆ ವರ್ಷ ಬೆಳೆದ ಹಾಗೆ ಹಿಂದೆಂದೂ ಬೆಳೆದಿರಲಿಲ್ಲ.

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಿರುತ್ತಿದ್ದೆ. ಅಷ್ಟರಲ್ಲಿ ತಂಗಿ ಬಸುರಿಯಾದಳು. ಮೀನು ಸಾಯುವುದು ನಿಲ್ಲಲಿಲ್ಲ. ಅತ್ತೆಯ ವ್ಯಾಖ್ಯಾನ ಬದಲಾಯಿತು: "ಇಷ್ಟೊಂದು ಮೀನು ಬೇಕಾಯ್ತಲ್ಲ, ಆ ಗಂಡಾಂತರ ಇನ್ನೆಷ್ಟು ದೊಡ್ಡದಿರ್ಬೇಕು? ಹೊಟ್ಟೇಲಿರೋದ್ರ ಮೇಲೇ ಕಣ್ಣಿಟ್ಟಂಗದೆ."

ಹಿಂದೆ ಒಮ್ಮೆ ಬಸಿರು ಕಳೆದುಕೊಂಡವಳ ಮುಂದೆ ಆಡುವ ಮಾತೇ ಇದು? ತಂಗಿ ಊಟ ಬಿಟ್ಟಳು, ನಿದ್ದೆ ಬಿಟ್ಟಳು. ಶನಿವಾರ ಬೆಳಗಾದರೆ ಟ್ಯಾಂಕಿನ ಹತ್ತಿರ ಹೋಗಲು ಹೆದರಿ, ನನಗೆ ಫೋನು ಮಾಡಿ, ಏನೂ ಹೇಳದೆ ಬರೀ ಉಸಿರಾಡುತ್ತಿದ್ದಳು.

ನಾನು ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಕೆಸರೆಯ ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಮ್ಮ ಗಂಧದಕಡ್ಡಿ ಹೊಸೆಯುವ ಮಣೆಯ ಪಕ್ಕ ಕೂತು, ನೋಟ್ಸಿಗೆಲ್ಲ ಕರಿ ಮೆತ್ತಿಸಿಕೊಂಡು ಪಾಸಾದವಳು. ಆ ಓದು ಮನೆಯವರ ಉಪಯೋಗಕ್ಕೆ ಬರುವ ದಿನ ಬಂತು ಎಂದುಕೊಂಡೆ. ಒಂದು ಶುಕ್ರವಾರ ರಜೆ ಹಾಕಿ ಬೆಳಿಗ್ಗೆಯೇ ಹೋಗಿ ತಂಗಿಯ ಹಾಲಿನಲ್ಲಿ ಕೂತೆ.

ಎಲ್ಲ ಕಣ್ಣೆದುರೇ ನಡೆಯಿತು. ಶುಕ್ರವಾರ ಆ ಮನೆಯಲ್ಲಿ ಹೊಸಲಿನಿಂದ ದೇವರ ಸಾಮಾನಿನವರೆಗೆ ಎಲ್ಲವನ್ನೂ ತೊಳೆಯುತ್ತಾರೆ. ನಮ್ಮಮ್ಮನೂ ತೊಳೆಯುತ್ತಾಳೆ, ತಪ್ಪಿಲ್ಲ. ಆದರೆ ವಾಸ್ತುವಿನವರು ಇಡಿಸಿದ ಟ್ಯಾಂಕು ಇಲ್ಲಿ ದೇವರ ಸಾಮಾನಿಗೇ ಸೇರಿಹೋಗಿತ್ತು. ಅತ್ತೆ ಮೀನುಗಳನ್ನು ಚೊಂಬಿನಲ್ಲಿ ಮೊಗೆದು ಬಕೆಟ್ಟಿಗೆ ಹಾಕಿ, ಟ್ಯಾಂಕಿನ ನೀರನ್ನೆಲ್ಲ ಚೆಲ್ಲಿ, ಕಲ್ಲು, ಗಾಜು, ಫಿಲ್ಟರಿನ ಸ್ಪಂಜು ಎಲ್ಲವನ್ನೂ ದೀಪದ ಕಂಬಗಳ ಜೊತೆ ಹುಣಸೆಹಣ್ಣು ಹಾಕಿ ತಿಕ್ಕಿದರು. ನಲ್ಲಿಯಲ್ಲಿ ಆಗ ತಾನೇ ಬಂದ ನೀರು ತುಂಬಿ, ಚಿಟಿಕೆ ಅರಿಸಿನ ಉದುರಿಸಿ, ಮೀನುಗಳನ್ನು ಬಿಟ್ಟರು. ಟ್ಯಾಂಕು ಪಳಪಳ ಹೊಳೆಯಿತು.

"ಅಮ್ಮ, ಎಲ್ಲ ನೀರೂ ಒಂದೇ ಸಲ ಚೆಲ್ಲಬಾರದು. ಮೀನಿನ ಗಲೀಜನ್ನ ಅರಗಿಸೋ ಬ್ಯಾಕ್ಟೀರಿಯಾ ಆ ಕಲ್ಲಲ್ಲಿ, ಸ್ಪಂಜಲ್ಲೇ ಇರೋದು. ಅದನ್ನ ತೊಳೆದ್ಬುಟ್ರೆ ಗಲೀಜೇ ವಿಷ ಆಗುತ್ತೆ. ನಲ್ಲಿ ನೀರಲ್ಲಿ ಕ್ಲೋರಿನ್ ಬೇರೆ" ಎಂದೆ.

"ಬ್ಯಾಕ್ಟೀರಿಯಾನ ಉಳಿಸ್ಕೊಳಿ ಅಂತೀಯಾ? ಬಸುರಿ ಇರೋ ಮನೇಲಿ?" ಅವರು ಮಗನ ಕಡೆ ತಿರುಗಿದರು. "ಕೇಳ್ದೇನೋ? ಕಾಲೇಜಲ್ಲಿ ಇದ್ನೇ ಹೇಳ್ಕೊಟ್ಟಿರದು!"

ಎಂಜಿನಿಯರು ಪೇಪರಿನಿಂದ ತಲೆಯೆತ್ತಿದರು. "ನಾನೂ ಸೈನ್ಸ್ ಓದಿರೋನೇ ಅತ್ತಿಗೆ. ಆದ್ರೆ ಸೈನ್ಸಿಗೂ ಮೀರಿದ್ದು ಒಂದಿರುತ್ತೆ ನೋಡಿ."

ಕಟ್ಟಿಸುವ ಮನೆಗಳ ಸಿಮೆಂಟಿಗೂ ಅದನ್ನೇ ಬೆರೆಸುತ್ತಾರೋ ಏನೋ, ನಾನು ಕೇಳಲಿಲ್ಲ.

ಅಡುಗೆಮನೆಗೆ ಹೋದೆ. ತಂಗಿ ಕಾಫಿ ಬೆರೆಸುವುದನ್ನು ನಿಲ್ಲಿಸಿ ಸಣ್ಣ ದನಿಯಲ್ಲಿ ಕೇಳಿದಳು. "ನಿಜವೇನಕ್ಕ? ನೀರಿಂದ್ಲೇ ಸಾಯೋದಾ? ನನ್ನ ಹೊಟ್ಟೆಗೂ ಅದಕ್ಕೂ ಏನೂ ಇಲ್ವಾ?"

"ನಿನ್ನ ಹೊಟ್ಟೆ ಏನು ಮಾಡ್ತು ಕಣೇ! ಹುಣಸೆಹಣ್ಣಿನ ಕೆಲಸ ಅದು."

ಟ್ಯಾಂಕನ್ನು ಕಿಟಕಿಯಿಂದ ಸರಿಸಬೇಕು, ವಾರಕ್ಕೆ ಕಾಲು ಭಾಗ ನೀರು ಮಾತ್ರ ತೆಗೆಯಬೇಕು, ಹಾಗೆ ತೆಗೆದ ಹಳೇ ನೀರಿನಲ್ಲೇ ಸ್ಪಂಜನ್ನು ಹಿಂಡಬೇಕು, ಹೊಸ ನೀರನ್ನು ಹಿಂದಿನ ದಿನವೇ ಹಿಡಿದು ಬಕೆಟ್ಟಿನಲ್ಲಿ ತೆರೆದಿಡಬೇಕು, ಸತ್ತದ್ದರ ಜಾಗಕ್ಕೆ ಹೊಸದು ತರಲೇಬಾರದು ಎಂದು ಹೇಳಿದೆ. ಸ್ಕೂಲಿನಲ್ಲಿದ್ದಾಗ ನನ್ನ ಒಂದು ಮಾತೂ ಕೇಳದವಳು ಎರಡೆರಡು ಸಲ ಹೇಳಿಸಿಕೊಂಡಳು. ಮಾರನೆಯ ದಿನ ಕಪ್ಪು ಮೀನೇ ತೇಲಿತು. ಅತ್ತೆ ಹೋಮದ ಮಾತೆತ್ತಿದರು.

ಮುಂದಿನ ಶುಕ್ರವಾರ ಮತ್ತೆ ಹೋದೆ. ಈ ಸಲ ಜಗಳಕ್ಕೇ ತಯಾರಾಗಿ, ಪ್ರಾಣಿಶಾಸ್ತ್ರದ ಪುಸ್ತಕವನ್ನೇ ಚೀಲಕ್ಕೆ ಹಾಕಿಕೊಂಡಿದ್ದೆ. ಅತ್ತೆ ಚೊಂಬು ಎತ್ತಿಕೊಂಡರು. ನಾನು ಬಾಯಿ ತೆರೆಯುವ ಮೊದಲೇ ತಂಗಿ ಶುರುಮಾಡಿದಳು.

"ತಡೀರಿ ಅತ್ತೆ. ಈಶಾನ್ಯದ ನೀರಲ್ಲಿ ಲಕ್ಷ್ಮಿ ಕೂತಿರ್ತಾಳಂತೆ. ಶುಕ್ರವಾರದ ದಿನ ಪೂರ್ತಿ ಚೆಲ್ಲಿದ್ರೆ ಮನೆ ಬುಟ್ಟು ಹೊರಟೋಗ್ತಾಳಂತೆ. ಕಾಲು ಭಾಗ ತೆಗೀಬೋದಂತೆ. ಹೊಸ ನೀರನ್ನ ಗುರುವಾರವೇ ಹಿಡಿದು ಮಡೀಲಿಡ್ಬೇಕಂತೆ. ನಾನು ನಿನ್ನೇನೇ ಹಿಡಿದಿಟ್ಟಿದೀನಿ. ಕಲ್ಲು, ಸ್ಪಂಜಿಗೆ ಹುಣಸೆಹಣ್ಣು ಸೋಕಿಸ್ಲೇಬಾರ್ದಂತೆ. ಹೋದ ಮೀನಿನ ಜಾಗ ಖಾಲಿ ಬಿಡ್ಬೇಕಂತೆ."

"ಯಾರು ಹೇಳಿದ್ದು?"

"ಮೊಬೈಲಲ್ಲಿ ಬರ್ತಾರಲ್ಲ, ಆ ದೊಡ್ಡ ವಾಸ್ತುನವರು."

ಚೊಂಬು ಕೆಳಗಿಳಿಯಿತು. "ಅಯ್ಯೋ, ಎಂಥ ಕೆಲಸ ಮಾಡ್ತಿದ್ದೆ!" ಎಂದು ಅತ್ತೆ ಕೆನ್ನೆ ಬಡಿದುಕೊಂಡರು. ಎಂಜಿನಿಯರು ತಲೆದೂಗಿ, "ಇದ್ರಲ್ಲಿ ಲಾಜಿಕ್ ಇದೆಯಮ್ಮ" ಎಂದರು. ನನ್ನ ಪುಸ್ತಕ ಚೀಲದಲ್ಲೇ ಉಳಿಯಿತು.

ಶನಿವಾರ ಬೆಳಿಗ್ಗೆ ಫೋನು ಬಂತು. ಆ ಕಡೆ ಉಸಿರಿನ ಸದ್ದಿಲ್ಲ, ಅಗಿಯುವ ಸದ್ದು.

"ಎಲ್ಲಾ ಓಡಾಡ್ತಾವೆ ಕಣಕ್ಕ. ದೋಸೆ ತಿಂತಿದೀನಿ. ನಿನ್ನ ಬ್ಯಾಕ್ಟೀರಿಯಾಗೆ ಲಕ್ಷ್ಮಿ ಅಂದೆ ಅಂತ ಬೇಜಾರಾಯ್ತಾ?"

ಬೇಜಾರಾಗಿತ್ತು. ಅಷ್ಟು ಕಷ್ಟಪಟ್ಟು ಸಂಪಾದಿಸಿದ ಓದಿಗೆ ಸುಳ್ಳು ಹೆಸರು ಹಾಕಿಸಿ ಒಳಗೆ ಬಿಡಬೇಕಾಯಿತು ಎಂಬ ಉರಿ ನನಗೆ ಇವತ್ತಿಗೂ ಇದೆ. ಅದನ್ನು ಹೇಳುವಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. "ನಿಮ್ಮಕ್ಕಂಗೆ ಹೇಳು, ಬರೀ ಓದಿದ್ರೆ ಆಗಲ್ಲ, ಇಂಥದ್ದೂ ತಿಳ್ಕೊಂಡಿರ್ಬೇಕು ಅಂತ."

ಅದನ್ನು ನನಗೆ ಹೇಳಲು ಹೋಗಿ ತಂಗಿ ಬಿದ್ದು ಬಿದ್ದು ನಕ್ಕಳು. ಬಸುರಿಯಾದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

"ತಿಳ್ಕೊಂಡ್ಳಂತೆ ಅಂತ ಹೇಳು" ಎಂದೆ. "ನೀನು ಇನ್ನೊಂದು ದೋಸೆ ಹಾಕಿಸ್ಕೊ."