ಎರಡಿಂಚೋ, ಮೂರಿಂಚೋ

2023ರ ಏಪ್ರಿಲ್. ಮಿಷಿಗನ್ ರಾಜ್ಯದ ವಿಕ್ಸಮ್ ಎಂಬ ಸಣ್ಣ ಊರಿನ ಇಂಡಸ್ಟ್ರಿಯಲ್ ಪಾರ್ಕಿನಲ್ಲಿ, ಶೂಟಿಂಗ್ ರೇಂಜ್ ಇದ್ದ ಒಂದು ಬಂದೂಕಿನ ಅಂಗಡಿಯಲ್ಲಿ ನಾನು ಗನ್‌ಸ್ಮಿತ್ ಆಗಿದ್ದೆ. ಗನ್‌ಸ್ಮಿತ್ ಎಂದರೆ ಪಿಸ್ತೂಲು, ಬಂದೂಕುಗಳನ್ನು ರಿಪೇರಿ ಮಾಡಿ, ಕೊಳ್ಳುವವರ ಕೈಗೆ ಹೊಂದಿಸಿ ಕೊಡುವವನು. ತುಮಕೂರಿನಲ್ಲಿ ಹುಟ್ಟಿ, ಬೆಂಗಳೂರಿನ ಒಂದು ಟೂಲ್‌ರೂಮಿನಲ್ಲಿ ಲೋಹ ಉಜ್ಜುವ ಅರ ಹಿಡಿಯುವುದನ್ನು ಕಲಿತು, ಡೆಟ್ರಾಯಿಟ್ ಸುತ್ತಮುತ್ತ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಗಳಲ್ಲಿ ದುಡಿದು, ಕೊನೆಗೆ ಈ ಕಸುಬಿಗೆ ಬಂದೆ. ನಮ್ಮ ಜನರ ಮನೆಗೆ ಊಟಕ್ಕೆ ಹೋದಾಗ ಯಾರಾದರೂ ನನ್ನ ಕೆಲಸದ ಬಗ್ಗೆ ಕೇಳಿದರೆ ನನ್ನ ಹೆಂಡತಿ ಗಿರಿಜಾ "ಏನೋ ಮೆಷಿನ್ ವರ್ಕು" ಎಂದು ಹೇಳಿ ಪಲ್ಯ ಬಡಿಸಲು ಎದ್ದುಬಿಡುತ್ತಿದ್ದಳು. ಬಂದೂಕಿನವನು ಎಂದರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ ಎಂಬ ಅಂಜಿಕೆ ಅವಳಿಗೆ.

ಹಾಗಾಗಿ ಒಂದು ಶನಿವಾರ ಬೆಳಿಗ್ಗೆ ಕೌಂಟರಿನ ಆಚೆಯಿಂದ "ಅಂಕಲ್, ನೀವು ಕನ್ನಡದವರಂತೆ?" ಎಂಬ ಮಾತು ಕೇಳಿದಾಗ ನನಗೆ ಖುಷಿಗಿಂತ ಗಾಬರಿಯೇ ಹೆಚ್ಚಾಯಿತು. ಬಂದವರು ಹತ್ತಿರದ ನಾರ್ತ್‌ವಿಲ್‌ನ ದಂಪತಿ, ಮೂಲ ಮೈಸೂರು. ಗಂಡ ಗಿರೀಶ್ ಕಾರುಗಳ ಸಾಫ್ಟ್‌ವೇರ್ ಇಂಜಿನಿಯರ್. ಹೆಂಡತಿ ವೀಣಾ ಫಿಸಿಕಲ್ ಥೆರಪಿಸ್ಟ್; ಪಾರ್ಶ್ವವಾಯು ಬಡಿದವರ, ಸೊಂಟದ ಮೂಳೆ ಮುರಿದವರ ಮನೆಗೇ ಹೋಗಿ ಅವರನ್ನು ಮತ್ತೆ ನಡೆಸುವುದು ಆಕೆಯ ಕೆಲಸ. ಆಕೆಯ ರೋಗಿಗಳಲ್ಲಿ ಹೆಚ್ಚಿನವರು ಡೆಟ್ರಾಯಿಟ್‌ನ ಪಶ್ಚಿಮ ಭಾಗದ ವೃದ್ಧರು.

ಆ ಮಾರ್ಚಿನಲ್ಲಿ ಒಬ್ಬ ರೋಗಿಯ ಮನೆಯ ಮುಂದೆ ಕಾರಿನಿಂದ ಇಳಿಯುವಾಗ ಯಾರೋ ಆಕೆಯನ್ನು ತಳ್ಳಿ ಬೀಳಿಸಿ ಬ್ಯಾಗು ಕಿತ್ತುಕೊಂಡು ಓಡಿದ್ದರು. ಮೊಣಕೈ ತರಚಿತ್ತು, ಅಷ್ಟೆ. ಆದರೆ ಅಂದಿನಿಂದ ಗಿರೀಶ್ ಫೋನಿನಲ್ಲಿ ಹೆಂಡತಿ ಎಲ್ಲಿದ್ದಾಳೆಂದು ನೋಡುತ್ತಾ ಕೂರುತ್ತಿದ್ದರು. ಮೀಟಿಂಗ್‌ನಲ್ಲಿ ತಲೆ ಓಡುತ್ತಿರಲಿಲ್ಲ. ಕೊನೆಗೆ ಒಂದು ಷರತ್ತು ಹಾಕಿದ್ದರು. ಡೆಟ್ರಾಯಿಟ್ ಕೆಲಸ ಬಿಡಬೇಕು, ಇಲ್ಲವೇ ಮೈಮೇಲೆ ರಿವಾಲ್ವರ್ ಇರಬೇಕು. ಅದು ಸಿದ್ಧವಾಗುವ ತನಕ ಬೆಳಗಿನ ಹೊತ್ತು ಮಾತ್ರ ಹೋಗಬಹುದು. ಇಬ್ಬರಿಗೂ ಗ್ರೀನ್ ಕಾರ್ಡ್ ಇದ್ದುದರಿಂದ ಕೊಳ್ಳಲು ಕಾನೂನಿನ ಅಡ್ಡಿಯಿರಲಿಲ್ಲ. ಆಯುಧವನ್ನು ಬಟ್ಟೆಯೊಳಗೆ ಮರೆಸಿ ಒಯ್ಯಲು ಇಲ್ಲಿ ಬೇಕಾದ ಸಿ.ಪಿ.ಎಲ್. ಎಂಬ ಪರವಾನಗಿಯ ತರಗತಿಯನ್ನು ವೀಣಾ ಆಗಲೇ ಮುಗಿಸಿದ್ದರು. ಸ್ವಂತ ಕಾಂಟ್ರ್ಯಾಕ್ಟ್ ಮೇಲೆ ದುಡಿಯುತ್ತಿದ್ದರಿಂದ ಬೇಡ ಎನ್ನುವ ಕಂಪನಿಯೂ ಇರಲಿಲ್ಲ.

"ಎರಡಿಂಚ್ ಬ್ಯಾರೆಲ್ಲೋ ಮೂರಿಂಚೋ ಅನ್ನೋದೊಂದೇ ಡೌಟು ಅಂಕಲ್. ಮಿಕ್ಕಿದ್ದೆಲ್ಲಾ ರಿಸರ್ಚ್ ಮಾಡಿದೀನಿ" ಎಂದರು ಗಿರೀಶ್.

ಇಂಥ ಗಿರಾಕಿ ಸಿಕ್ಕರೆ ನನಗೆ ಹಬ್ಬ. ಬ್ಯಾರೆಲ್ ಎಂದರೆ ಗುಂಡು ಹೊರಬರುವ ನಳಿಗೆ. ಎರಡಿಂಚಿನದು ಬಟ್ಟೆಯೊಳಗೆ ಸುಲಭವಾಗಿ ಅಡಗುತ್ತದೆ, ಬೇಗ ಕೈಗೆ ಬರುತ್ತದೆ. ಆದರೆ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ಅಂತರ ಕಡಿಮೆ. ಬೆಂಗಳೂರಿನವರು ದಯವಿಟ್ಟು ಮೂವತ್ತು-ನಲವತ್ತರ ಜಾಗ ಎಂದುಕೊಳ್ಳಬಾರದು. ಇಲ್ಲಿ ಸೈಟ್ ಎಂದರೆ ಗುರಿ ಕೂಡಿಸುವ ಗುರುತು. ಹಿಂದೆ ಒಂದು ಕಚ್ಚು, ಮುಂದೆ ನಳಿಗೆಯ ತುದಿಯಲ್ಲಿ ಒಂದು ಸಣ್ಣ ಏಣು. ಎರಡನ್ನೂ ಸರಿಯಾಗಿ ಕೂಡಿಸಿ ನೋಡಬೇಕು. ಅಂತರ ಕಡಿಮೆಯಾದಷ್ಟೂ ಸಣ್ಣ ತಪ್ಪು ದೊಡ್ಡದಾಗುತ್ತದೆ, ಗಿಡ್ಡ ಸ್ಕೇಲಿನಲ್ಲಿ ಉದ್ದ ಗೆರೆ ಎಳೆದಂತೆ. ಮೂರಿಂಚಿನದರಲ್ಲಿ ಗುರಿ ಸಲೀಸು, ಗುಂಡು ಹಾರಿದಾಗ ಕೈಗೆ ಬೀಳುವ ಒದೆತವೂ ತುಸು ಕಡಿಮೆ. ಆದರೆ ಕೂತಾಗ ಸೊಂಟಕ್ಕೆ ಒತ್ತುತ್ತದೆ. ನಾಲ್ಕಿಂಚು ಇನ್ನೂ ಚೆನ್ನ, ಆದರೆ ಮರೆಸುವುದು ಕಷ್ಟ. ಇದನ್ನೆಲ್ಲ ನಾನು ಉತ್ಸಾಹದಿಂದ ವಿವರಿಸುತ್ತಿದ್ದರೆ ಗಿರೀಶ್ ತಲೆಯಾಡಿಸುತ್ತಿದ್ದರು. ವೀಣಾ ಗಾಜಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದರು.

ಬಾಡಿಗೆಗೆ ಕೊಡುವ ಐದು ಗುಂಡಿನ ರಿವಾಲ್ವರ್ ಹಿಡಿದು ರೇಂಜಿಗೆ ಹೋದೆವು. ಮೊದಲ ವಾರ ಎರಡಿಂಚು. ಏಳು ಗಜ ದೂರದ ಕಾಗದಕ್ಕೆ ಹೊಡೆದು ಬಂದ ವೀಣಾ, "ಮುಂದಿನ ಸೈಟ್ ಕಾಣ್ಸಲ್ಲ ಅಂಕಲ್, ಕಪ್ಪು ಮೇಲೆ ಕಪ್ಪು" ಎಂದರು. ಸರಿಯಾದ ದೂರೇ. ಮುಂದಿನ ವಾರ ಆ ಸೈಟಿಗೆ ಕಿತ್ತಳೆ ಬಣ್ಣ ಬಳಿದುಕೊಟ್ಟೆ. ಆಗ ಬಣ್ಣ ಚೆನ್ನಾಗಿದೆ, ಆದರೆ ಬ್ಯಾರೆಲ್ ಗಿಡ್ಡವಾಯಿತು ಎಂದರು. ಮೂರಿಂಚು ಕೊಟ್ಟೆ. ಬೆಳಕನ್ನು ಹಿಡಿದು ಹಸಿರಾಗಿ ಹೊಳೆಯುವ ಫೈಬರ್ ಆಪ್ಟಿಕ್ ಸೈಟ್ ಕೂರಿಸಿದೆ. ಅದು ಕಣ್ಣಿಗೆ ಹೊಡೆಯುತ್ತದೆ ಎಂದರು. ಹಿತ್ತಾಳೆಯ ಮಣಿ ಹಾಕಿದೆ. ದೀಪದ ಕೆಳಗೆ ಎರಡೆರಡಾಗಿ ಕಾಣುತ್ತದೆ ಎಂದರು. ನಾಲ್ಕಿಂಚು ಕೊಟ್ಟರೆ ಭಾರ, ಮತ್ತೆ ಎರಡಿಂಚಿಗೆ ಬಂದರೆ ಒದೆತ. ಚಾಳೀಸು ಬರುವ ವಯಸ್ಸು, ಕನ್ನಡಕದ ತೊಂದರೆಯೇ ಇರಬೇಕೆಂದು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದೆ. ಕಣ್ಣು ಸರಿಯಾಗಿದೆ ಎಂದು ಬಂದರು.

ನನಗೋ ತಲೆ ಕೆಟ್ಟು ಗೊಬ್ಬರವಾಯಿತು. ಟೂಲ್‌ರೂಮಿನಲ್ಲಿ ಬೆಳೆದವನಿಗೆ ಒಂದು ಹಟ ಇರುತ್ತದೆ: ಸೇರದ ಎರಡು ತುಂಡುಗಳನ್ನು ಅರದಿಂದ ಉಜ್ಜುತ್ತಾ ಹೋದರೆ ಒಂದಲ್ಲ ಒಂದು ಹೊತ್ತಿಗೆ ಸೇರಲೇಬೇಕು. ಇಲ್ಲಿ ಉಜ್ಜಿದಷ್ಟೂ ಸಂದು ದೊಡ್ಡದಾಗುತ್ತಿತ್ತು. ಅದಕ್ಕಿಂತ ದೊಡ್ಡ ಗೊಂದಲ ಆಕೆ ಹೊಡೆದ ಕಾಗದಗಳದ್ದು. ನಾನು ಅವನ್ನು ಬೆಂಚಿನ ಮೇಲೆ ಸಾಲಾಗಿ ಹರಡಿ ನೋಡಿದೆ. ಎರಡಿಂಚಿನದಾಗಲಿ ಮೂರಿಂಚಿನದಾಗಲಿ, ಪ್ರತಿ ಕಾಗದದಲ್ಲೂ ಐದು ತೂತುಗಳನ್ನು ಒಂದು ನಿಪ್ಪಟ್ಟಿನಿಂದ ಮುಚ್ಚಬಹುದಿತ್ತು. ಸೈಟೇ ಕಾಣದವರು ಹೀಗೆ ಹೊಡೆಯುವುದುಂಟೇ? ಬಂದೂಕು ಸರಿಯಿದೆ, ಕಣ್ಣು ಸರಿಯಿದೆ, ಕೈ ನನ್ನ ಕೈಗಿಂತ ಚೆನ್ನಾಗಿದೆ. ಹಾಗಾದರೆ ಕೆಟ್ಟಿರುವುದು ಏನು?

ಊಟಕ್ಕೆ ಕೂತಾಗ ಗಿರಿಜಾಳ ಮುಂದೆ ಗೊಣಗಿದೆ. ಬಂದೂಕಿನ ಮಾತೆಂದರೆ ಮುಖ ಸಿಂಡರಿಸುವವಳು ಅಂದು ತಟ್ಟೆಯಿಂದ ತಲೆಯೆತ್ತಿ ಕೇಳಿದಳು.

"ನಮ್ಮಕ್ಕಂಗೆ ಗಂಡು ನೋಡಿದ್ದು ನೆನಪಿದ್ಯಾ? ಮೊದಲ್ನೇ ಗಂಡು ಗಿಡ್ಡ ಅಂದ್ಳು. ಎರಡ್ನೇದು ಜಾತಕ ಕೂಡಿಲ್ಲ ಅಂದ್ಳು. ಮೂರ್ನೇದು ಊರು ದೂರ ಅಂದ್ಳು."

"ಅದಕ್ಕೂ ಇದಕ್ಕೂ ಏನೇ ಸಂಬಂಧ?"

"ಅವಳಿಗೆ ಮದ್ವೇನೇ ಬೇಡವಾಗಿತ್ತು ಕಣ್ರೀ. ಅಪ್ಪನ ಎದುರು ಬೇಡ ಅನ್ನೋಕಾಗುತ್ತಾ? ಗಂಡಿನ ಮೇಲೆ ಹಾಕಿದ್ಳು. ನಿಮ್ಮ ವೀಣಾನೂ ಅದನ್ನೇ ಮಾಡ್ತಿದಾಳೆ, ಪಾಪ. ನೀವು ಕೂತ್ಕೊಂಡು ಬಣ್ಣ ಬಳೀತಿದೀರಿ."

ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದೆ. ಈ ದೇಶದಲ್ಲಿ ಗಿರಾಕಿ ತನಗೆ ಬೇಡವಾದರೆ ಬೇಡ ಎಂದು ಹೇಳಿ ಹೊರಟುಹೋಗುತ್ತಾನೆ. ಅದಕ್ಕೇ ಒಗ್ಗಿಹೋಗಿ ನಮ್ಮವರ ರೀತಿಯೇ ನನಗೆ ಮರೆತುಹೋಗಿತ್ತು.

ಮುಂದಿನ ಶನಿವಾರ ಗಿರೀಶ್ ಫೋನಿನಲ್ಲಿ ಮಾತಾಡುತ್ತಾ ಹೊರಗೆ ನಿಂತಿದ್ದಾಗ ವೀಣಾರನ್ನು ನನ್ನ ಬೆಂಚಿನ ಹತ್ತಿರ ಕರೆದೆ. ಕಾಗದಗಳನ್ನು ತೋರಿಸಿ, "ಸೈಟ್ ಚೆನ್ನಾಗೇ ಕಾಣ್ತಿದೆ. ನಿಜ ಹೇಳಮ್ಮ, ನಿಂಗೆ ಇದು ಬೇಡ್ವಾ?" ಎಂದೆ.

ಆಕೆ ಕಾಗದದ ಒಂದು ತೂತಿನ ಮೇಲೆ ಬೆರಳಿಟ್ಟರು. "ಹೂಂ ಅಂದ ದಿನ ಇದನ್ನ ಕಟ್ಕೊಂಡು ಹೋಗ್ಬೇಕು ಅಂಕಲ್. ಬೇಡ ಅಂದ ದಿನ ಕೆಲಸ ಬಿಡ್ಬೇಕು. ಸೈಟ್ ಸರಿ ಇಲ್ಲ ಅಂತಿದ್ರೆ ಇನ್ನೊಂದು ವಾರ ಕೆಲಸಕ್ಕೆ ಹೋಗ್ಬಹುದಲ್ಲ."

"ಮೈಮೇಲೆ ಇದ್ರೆ ಏನಮ್ಮ ಕಷ್ಟ? ಅಷ್ಟು ಚೆನ್ನಾಗಿ ಹೊಡೀತೀಯ."

"ಪೇಷಂಟ್‌ಗಳು ನನ್ನ ಸೊಂಟ ಹಿಡ್ಕೊಂಡೇ ಎದ್ದು ನಿಲ್ಲೋದು ಅಂಕಲ್."

ಕಾಲಿಗೆ ಕಟ್ಟುವ ಚೀಲವಿದೆ ಎಂದೆ. ಅವರಿಗೆ ಶೂ ಹಾಕಿಸಲು ತಾನು ನೆಲದ ಮೇಲೆ ಮಂಡಿಯೂರುತ್ತೇನೆ, ಪ್ಯಾಂಟು ಮೇಲೇರುತ್ತದೆ ಎಂದರು. ಬ್ಯಾಗಿನಲ್ಲಿಡಬಹುದು ಎಂದೆ. ಬ್ಯಾಗು ಅವರ ಸೋಫಾದ ಮೇಲಿರುತ್ತದೆ, ಮೊಮ್ಮಕ್ಕಳು ಅಲ್ಲೇ ಆಡುತ್ತಿರುತ್ತಾರೆ ಎಂದರು. ಕಾರಿನಲ್ಲೇ ಬಿಟ್ಟರೆ ಇಳಿಯುವಾಗ ತಳ್ಳುವವನ ಎದುರು ಅದರಿಂದೇನು ಉಪಯೋಗ? ಇಷ್ಟು ವಾರ ನಾನು ಇಂಚಿನ ಲೆಕ್ಕದಲ್ಲಿ ಮುಳುಗಿದ್ದೆ. ಆಕೆಯ ಕೈಗಳು ದಿನವಿಡೀ ಏನು ಮಾಡುತ್ತವೆ ಎಂದು ಕೇಳಿರಲೇ ಇಲ್ಲ.

ಗಿರೀಶ್ ಒಳಗೆ ಬಂದರು. ಗಂಡ ಹೆಂಡಿರ ನಡುವೆ ಬಾಯಿ ಹಾಕಿದವನು ಕೆಟ್ಟ ಎಂದು ನನಗೂ ಗೊತ್ತು. ಅದಕ್ಕೇ ಮಾತು ಬೇಡವೆಂದುಕೊಂಡೆ. ಹೋಲ್‌ಸ್ಟರ್ ಅಂದರೆ ಸೊಂಟದ ಚೀಲದ ಅಳತೆ ನೋಡಲು ನಮ್ಮಲ್ಲಿ ನೀಲಿ ರಬ್ಬರಿನ ರಿವಾಲ್ವರ್ ಒಂದಿರುತ್ತದೆ, ಬರೀ ಆಕಾರ. ಅದನ್ನು ವೀಣಾರ ಸೊಂಟಕ್ಕೆ ಸಿಕ್ಕಿಸಿ ಮೇಲೆ ಅಂಗಿ ಎಳೆದುಕೊಳ್ಳಲು ಹೇಳಿದೆ. ಗಿರೀಶ್‌ಗೆ ನನ್ನ ಕುರ್ಚಿ ಕೊಟ್ಟು, "ನೀವು ಪೇಷಂಟು. ಎಡಭಾಗ ಸ್ವಾಧೀನ ಇಲ್ಲ. ಇವರು ನಿಮ್ಮನ್ನ ಎಬ್ಬಿಸ್ತಾರೆ" ಎಂದೆ.

"ಏನ್ ಅಂಕಲ್ ಇದು, ನಾಟಕಾನಾ?" ಎಂದು ನಗುತ್ತಲೇ ಕೂತರು.

ವೀಣಾ ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಆಕೆಯ ದನಿಯೇ ಬದಲಾಯಿತು. "ಮುಂದಕ್ಕೆ ಜರುಗು. ಪಾದ ಹಿಂದೆ ತಗೋ. ಕತ್ತು ಹಿಡೀಬೇಡ, ಸೊಂಟ ಹಿಡ್ಕೋ. ಬೀಳಲ್ಲ, ನಾನಿದೀನಿ." ತನ್ನ ಮೊಣಕಾಲನ್ನು ಅವರ ಮೊಣಕಾಲಿಗೆ ಒತ್ತಿ, ಬೆನ್ನು ನೆಟ್ಟಗಿಟ್ಟು, ಆ ದಪ್ಪ ಆಸಾಮಿಯನ್ನು ಒಂದೇ ಎಳೆತಕ್ಕೆ ಎಬ್ಬಿಸಿ ನಿಲ್ಲಿಸಿದರು. ಗಿರೀಶ್ ಬೀಳುವ ಭಯಕ್ಕೆ ನಿಜವಾಗಿಯೇ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅವರ ಬಲಗೈ ಅಂಗಿಯ ಮೇಲಿಂದ ರಬ್ಬರ್ ಹಿಡಿಕೆಯನ್ನು ಪೂರ್ತಿ ಅಪ್ಪಿತ್ತು.

ಗಿರೀಶ್ ಕೈಯನ್ನು ತೆಗೆಯಲಿಲ್ಲ. ನಗು ಹೋಗಿತ್ತು. "ಇದು ನನ್ನ ಕೈಗೇ ಬಂತಲ್ಲ" ಎಂದರು. ಆಮೇಲೆ, "ದಿನಾ ಇಷ್ಟು ಭಾರ ಎತ್ತುತ್ತೀಯಾ?" ಎಂದರು. ಮದುವೆಯಾಗಿ ಇಷ್ಟು ವರ್ಷವಾದರೂ ಅವರು ಹೆಂಡತಿಯ ಕೆಲಸವನ್ನು ಕಂಡಿದ್ದು ಅಂದೇ ಮೊದಲು.

"ನಂಗೆ ಭಯ ಆಗುತ್ತೆ ವೀಣಾ. ಅಷ್ಟೇ."

"ನಂಗೂ ಆಗುತ್ತೆ. ಕಾರಿಂದ ಇಳಿಯೋವಾಗೆಲ್ಲ ಆಗುತ್ತೆ. ಹೇಳಿದ್ರೆ ಕೆಲಸ ಬಿಡು ಅಂತೀಯ ಅಂತ ಹೇಳಿಲ್ಲ."

ನಾನು ಅರ ಎತ್ತಿಕೊಂಡು, ಉಜ್ಜಲು ಏನೂ ಇಲ್ಲದಿದ್ದರೂ, ಆಚೆ ತಿರುಗಿ ನಿಂತೆ. ಕಣ್ಣು ಮಂಜಾಗಿತ್ತು ಎಂದು ಹೇಳಲು ಈ ವಯಸ್ಸಿನಲ್ಲಿ ನಾಚಿಕೆಯಿಲ್ಲ. ಅಂದು ಅವರು ಏನನ್ನೂ ಕೊಳ್ಳದೆ ಹೋದರು.

ಕೆಲಸದಿಂದ ನಿವೃತ್ತನಾಗುವವರೆಗೂ ಬಂದ ಪ್ರತಿ ಗಿರಾಕಿಗೂ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ ಇಂಚಿನದಲ್ಲ: ನಿಮ್ಮ ಕೈಗೆ ದಿನವೆಲ್ಲ ಏನು ಕೆಲಸ, ನಿಮ್ಮ ಮೈ ಮುಟ್ಟುವವರು ಯಾರು? ಇದು ವೀಣಾ ಕಲಿಸಿದ ಪಾಠ. ಹಾಗೆಂದು ಗೊಂದಲ ಪೂರ್ತಿ ತೀರಿತೆಂದು ಹೇಳಲಾರೆ. ಡೆಟ್ರಾಯಿಟ್‌ನಲ್ಲಿ ಏನೋ ಆಯಿತೆಂಬ ಸುದ್ದಿ ಟಿವಿಯಲ್ಲಿ ಬಂದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಕೊಡದೇ ಕಳಿಸಿದ್ದು ಸರಿಯೋ ತಪ್ಪೋ ಎಂದು ಹಾಸಿಗೆಯಲ್ಲಿ ಹೊರಳಾಡುತ್ತೇನೆ. ಅದಕ್ಕೆ ಯಾವ ಅಳತೆಗೋಲೂ ನನ್ನ ಬಳಿ ಇಲ್ಲ.

ಕಳೆದ ಯುಗಾದಿಗೆ ಹತ್ತಿರದ ಕ್ಯಾಂಟನ್‌ನಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ಗಿರೀಶ್ ಸಿಕ್ಕರು. ವೀಣಾ ಚೆನ್ನಾಗಿದ್ದಾರೆ, ಅದೇ ಕೆಲಸದಲ್ಲಿದ್ದಾರೆ. ಈಗಲೂ ಫೋನ್ ನೋಡುತ್ತಾ ಕೂರುತ್ತೀರಾ ಎಂದು ಛೇಡಿಸಿದೆ.

"ನೋಡ್ತೀನಿ ಅಂಕಲ್, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಬೆಳಿಗ್ಗೆ ಹೊರಡೋ ಮುಂಚೆ 'ಇವತ್ತು ಭಯ ಆಗ್ತಿದ್ಯಾ' ಅಂತ ಕೇಳ್ತೀನಿ. ಕೆಲವು ದಿನ ಹೂಂ ಅಂತಾಳೆ. ಆವತ್ತು ನಾನೇ ಡ್ರೈವ್ ಮಾಡ್ಕೊಂಡು ಹೋಗಿ, ಪೇಷಂಟ್ ಮನೆಯವರು ಬಾಗಿಲು ತೆಗೆಯೋ ತನಕ ಜೊತೆಗೆ ನಿಂತಿರ್ತೀನಿ."