ಪಕ್ಕದ ಮಂಚದವಳು

ಕಳೆದ ಭಾನುವಾರ ವಿಜಯನಗರದ ತರಬೇತಿ ಕೋಣೆಯಲ್ಲಿ ನನ್ನ ಮುಂದೆ ಕೂತಿದ್ದ ಹುಡುಗಿ ಮಣಿಕಟ್ಟಿಗೆ ನೋವಿನ ಮುಲಾಮು ಹಚ್ಚಿಕೊಂಡಳು. ಆ ಘಾಟು ನನ್ನ ಮೂಗಿಗೆ ಬಡಿಯಿತು. ಪ್ರೀತಿಯ ಹೆಸರಿನಲ್ಲಿ ನಡೆಯುವ ಹಿಂಸೆಯನ್ನು ತಡೆಯುವುದು ಹೇಗೆಂದು ನಮ್ಮ ವಯಸ್ಸಿನವರಿಗೆ ಹೇಳಿಕೊಡುವ ತರಬೇತಿ ಅದು. ಪಾಠ ಕಿವಿಗೆ ಬೀಳಲಿಲ್ಲ. ಗೋವಿಂದರಾಜನಗರದ ಪಿಜಿಯಲ್ಲಿ ನನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಗದಗಿನ ಹುಡುಗಿ ನೆನಪಾದಳು.

ಅವಳೂ ಹೀಗೇ ಹಚ್ಚಿಕೊಳ್ಳುತ್ತಿದ್ದಳು. ಕೇಳಿದರೆ, "ಬಸ್ಸಿನ ಕಂಬಿ ಬಡದೈತಿ, ಬಿಡು" ಎನ್ನುತ್ತಿದ್ದಳು. ವಾರಕ್ಕೆರಡು ಸಲ ಬಡಿಯುವ ಕಂಬಿ ಯಾವ ಬಸ್ಸಿನದೆಂದು ನಾನು ಕೇಳಲಿಲ್ಲ...

ಅವಳ ಹುಡುಗ ನನಗೂ ಫೋನ್ ಮಾಡುತ್ತಿದ್ದ. ಅವಳು ಎತ್ತದಿದ್ದರೆ, "ಸಿಸ್ಟರ್, ಅವಳು ಊಟ ಮಾಡಿದ್ಲಾ? ಎಲ್ಲಿದಾಳೆ?" ಎಂದು ಮರ್ಯಾದೆಯಿಂದ ಕೇಳುತ್ತಿದ್ದ. ನಾನು ಉಬ್ಬಿಹೋಗುತ್ತಿದ್ದೆ. ಹೊಸಹಳ್ಳಿಯಲ್ಲಿ ಮೆಟ್ರೋ ಇಳಿದಳಂತೆ, ಈಗ ಸ್ನಾನಕ್ಕೆ ಹೋದಳು, ಹೀಗೆ ವರದಿ ಒಪ್ಪಿಸುತ್ತಿದ್ದೆ. ಇಷ್ಟು ಕಾಳಜಿ ಮಾಡುವವನು ನನಗೂ ಸಿಗಬಾರದೇ ಎಂಬ ಹೊಟ್ಟೆಕಿಚ್ಚೂ ಇತ್ತು. ಈಗ ನಾಚಿಕೆಯಾಗುತ್ತದೆ.

ಒಂದು ಸಂಜೆ ಅವಳು ಬಟ್ಟೆ ತುಂಬಿಕೊಂಡು ಹೊರಟಳು. ಅವನನ್ನು ಬಿಟ್ಟಿದ್ದೇನೆ, ಮಲ್ಲತ್ತಹಳ್ಳಿಯಲ್ಲಿ ಅಕ್ಕನ ಮನೆಯಲ್ಲಿರುತ್ತೇನೆ, ಯಾರಿಗೂ ಹೇಳಬೇಡ ಎಂದಳು. ಮರುದಿನವೇ ಅವನ ಫೋನ್ ಬಂತು. ಅಳುತ್ತಿದ್ದ. "ಸಾರಿ ಕೇಳ್ಬೇಕು ಸಿಸ್ಟರ್, ಒಂದೇ ಸಲ. ಆಮೇಲೆ ಮುಖಾನೂ ತೋರ್ಸಲ್ಲ." ಗಂಡಸೊಬ್ಬ ಹಾಗೆ ಅತ್ತದ್ದನ್ನು ನಾನು ಕೇಳಿರಲಿಲ್ಲ. ಇಬ್ಬರನ್ನೂ ಒಂದು ಮಾಡುವ ದೊಡ್ಡಸ್ತಿಕೆ ಬೇರೆ. ಹಿಂದೊಮ್ಮೆ ಅವಳ ಜೊತೆ ಆ ಅಕ್ಕನ ಮನೆಗೆ ಹೋಗಿದ್ದೆ; ಕೆರೆ ಪಕ್ಕದ ರಸ್ತೆ, ಮನೆಯ ಬಣ್ಣ, ಎಲ್ಲ ಹೇಳಿಬಿಟ್ಟೆ.

ಎರಡು ದಿನದ ಬಳಿಕ ಉಳಿದ ಸಾಮಾನಿಗೆಂದು ಅವಳು ಅಕ್ಕನ ಜೊತೆ ಬಂದಳು. ತುಟಿ ಒಡೆದಿತ್ತು, ಕೈಗೆ ಬ್ಯಾಂಡೇಜ್ ಇತ್ತು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. "ನಿನಗ ಒಬ್ಬಾಕಿಗೇ ಹೇಳಿದ್ದೆ" ಎಂದಷ್ಟೇ ಅಂದು ಮೆಟ್ಟಿಲಿಳಿದಳು. ಅವಳ ನಂಬರ್ ಕೂಡ ಬದಲಾಯಿತು...

ತರಬೇತಿಗೆ ಯಾಕೆ ಸೇರಿದಿರಿ ಎಂದು ಮೇಡಂ ಎಲ್ಲರನ್ನೂ ಕೇಳಿದರು. ಒಬ್ಬ ಸರ್ಟಿಫಿಕೇಟಿಗೆ ಎಂದ, ಒಬ್ಬಳು ತಂಗಿಗೋಸ್ಕರ ಎಂದಳು. ನಾನು ಇದನ್ನೇ ಹೇಳಿದೆ.

"ಹುಡುಕಿ ಒಂದ್ಸಲ ಸಾರಿ ಕೇಳ್ಬಿಡೇ" ಎಂದಳು ಪಕ್ಕದಲ್ಲಿದ್ದವಳು.

ಹುಡುಕುವುದು ಕಷ್ಟವೇನಲ್ಲ, ಅವಳ ಗೆಳತಿಯರ ನಂಬರುಗಳು ನನ್ನಲ್ಲಿವೆ. ಆದರೂ ಫೋನ್ ಮಾಡುವುದಿಲ್ಲ. ನಾನು ಅತ್ತು ಕೇಳಿದರೆ, ನನ್ನಂಥವಳೊಬ್ಬಳು ಕರಗಿ ಅವಳ ವಿಳಾಸ ಕೊಟ್ಟುಬಿಟ್ಟಾಳು ಎಂಬ ಭಯ.