ಅರ್ನೆಟಾಳ ತಡವಾದ ಚಪ್ಪಾಳೆ

ಬೆಳಕು ಹರಿಯುವ ಮುನ್ನವೇ ಅಮೋಸ್ ಟಾಲಿವರ್ ಡೆಟ್ರಾಯ್ಟ್‌ನ ತಮ್ಮ ಓಣಿಯ ಚರ್ಚಿನ ಹಿಂಬಾಗಿಲು ತೆರೆಯುತ್ತಾರೆ. ಮೆಟ್ಟಿಲ ಮೇಲಿನ ಹಿಮ ಎತ್ತಿ ಹಾಕುತ್ತಾರೆ, ಬಾಯ್ಲರ್ ಹಚ್ಚುತ್ತಾರೆ, ಬೆಂಚುಗಳ ಮೇಲೆ ಹಾಡಿನ ಪುಸ್ತಕ ಇಡುತ್ತಾರೆ. ಕೊನೆಗೆ ಅಂಗೈಗೆ ವ್ಯಾಸಲಿನ್ ಸವರಿಕೊಂಡು, ನಡುವೆ ನಿಂತು ಒಂದೇ ಒಂದು ಚಪ್ಪಾಳೆ ಹೊಡೆಯುತ್ತಾರೆ. ಗೋಡೆಗೆ ಬಡಿದು ಮರಳಿದ ಸದ್ದು ಕೇಳಿ ಮುಖ ಸಿಂಡರಿಸುತ್ತಾರೆ.

"ಯಾರೋ ಹೊಸ ಪರದೆ ಹಾಕಿದಾರೆ, ಸದ್ದನ್ನೆಲ್ಲ ನುಂಗ್ತಾ ಇದೆ. ಒಂದ್ ಮಾತು ಕೇಳಿದ್ರಾ ನನ್ನ?"

ಎಂಬತ್ತರ ಹತ್ತಿರದ ಈ ಮನುಷ್ಯನಿಗೆ ಎಲ್ಲರ ಮೇಲೂ ಗುಮಾನಿ. ಮಾತಾಡಿಸಲು ಹೋದವರನ್ನು ಮೊದಲು ಕೇಳುವ ಪ್ರಶ್ನೆ, "ನೀವ್ಯಾವ ರೆಕಾರ್ಡ್ ಕಂಪನಿ?" ಪತ್ರಿಕೆಯವರು ಎಂದರೆ ಇನ್ನೂ ಅನುಮಾನ. "ಪೇಪರ್‌ನೋನು ಅಂತ್ಲೇ ಬಂದಿದ್ದ ಒಬ್ಬ. ನನ್ ಮದುವೆ ಫೋಟೊ ಒಯ್ದೋನು ಇವತ್ತಿಗೂ ಪತ್ತೆ ಇಲ್ಲ." ಆಮೇಲೆ ಒಂದು ಹಾಡು ಗುನುಗಿ, ತಾಳ ಹಾಕಿ ನೋಡೋಣ ಎನ್ನುತ್ತಾರೆ. ನಾಲ್ಕರ ಎಣಿಕೆಯಲ್ಲಿ ಒಂದು, ಮೂರಕ್ಕೆ ಕೈ ತಟ್ಟಿದವರು ಹೊರಗಿನವರು. ಎರಡು, ನಾಲ್ಕಕ್ಕೆ ತಟ್ಟಿದರೆ ಕೂರಲು ಕುರ್ಚಿ ಸಿಗುತ್ತದೆ.

ಚರ್ಚಿನ ಹಾಡಿನಿಂದ ಹುಟ್ಟಿದ, ಅಮೆರಿಕದ ಕಪ್ಪು ಜನರ ಸೋಲ್ ಸಂಗೀತ ಎಂದರೆ ಜಗತ್ತಿಗೆ ಹಾಡುವವರ ಹೆಸರು ಗೊತ್ತು. ಹಿಂದೆ ಕೈ ತಟ್ಟಿದವರನ್ನು ಯಾರು ಕೇಳುತ್ತಾರೆ? ಅಮೋಸ್ ಹಗಲು ಕಾರು ಕಾರ್ಖಾನೆಯ ಕುಲುಮೆಯಲ್ಲಿ ಬೇಯುತ್ತಿದ್ದ ಕಾಲವದು. ಪಾಳಿ ಮುಗಿದ ಮೇಲೆ ಹೆಂಡತಿ ಅರ್ನೆಟಾ ಜೊತೆ ಯಾರದೋ ಮನೆಯ ನೆಲಮಾಳಿಗೆಯಲ್ಲಿದ್ದ ಪುಟ್ಟ ಸ್ಟುಡಿಯೊಗೆ ಹೋಗುತ್ತಿದ್ದರು. ಹಲಗೆಯ ಮೇಲೆ ನಿಂತು ಕಾಲು ಕುಟ್ಟುವುದು, ಕೈ ತಟ್ಟುವುದು, ಅಷ್ಟೇ ಕೆಲಸ. ಚರ್ಚಿನಲ್ಲಿ ಕಲಿತದ್ದೇ ಅಲ್ಲಿ ನಡೆಯುತ್ತಿತ್ತು.

ಚರ್ಚಿನ ಅಂದಿನ ಪಾಸ್ಟರ್‌ಗೆ ಅದೇ ಸಿಟ್ಟು. "ಯೇಸುವೇ ಅಂತಿದ್ದ ಕಡೆ ಚಿನ್ನಾ ಅಂತ ಹಾಕಿ ಮಾರ್ಕೊಂಡ್ರಲ್ಲಯ್ಯಾ, ಅಂತ ಎಲ್ಲರ ಮುಂದೆ ಬೈದ್ರು. ಆಮೇಲೆ ನಮ್ಮ ಜನರ ಹಕ್ಕು ಕೇಳೋ ಮೆರವಣಿಗೆಗಳಲ್ಲಿ ಜನ ಅದೇ ಹಾಡು ಹೇಳ್ಕೊಂಡು ನಡೆದ್ರು ನೋಡಿ, ಆ ಪಾಸ್ಟರ್ರೂ ಕೈ ತಟ್ತಾ ಇದ್ರು!" ಅಮೋಸ್ ಮೊದಲ ಸಲ ನಗುತ್ತಾರೆ.

ಅರ್ನೆಟಾಳ ಕೈ ಮಾತ್ರ ಯಾವಾಗಲೂ ಕೂದಲೆಳೆಯಷ್ಟು ತಡ. ಗಂಡನ ಚಪ್ಪಾಳೆ ಕೇಳಿಸಿದ ಮೇಲೆಯೇ ಅವಳದು ಬೀಳುವುದು. "ಶುರುವಿಗೆ ಸ್ಟುಡಿಯೊದೋನು ರೇಗಾಡಿದ. ಆಮೇಲೆ ಕೇಳಿ ಸುಮ್ಮನಾದ. ಇಬ್ಬರ ಕೈ ಒಟ್ಟಿಗೇ ಬಿದ್ರೆ ಒಬ್ಬನೇ ತಟ್ಟಿದ ಹಾಗೆ. ಇವಳು ತಡ ಮಾಡಿದ್ರೆ ಇಡೀ ಚರ್ಚೇ ಬಂದು ನಿಂತ ಹಾಗೆ." ಅರ್ನೆಟಾ ತೀರಿಕೊಂಡು ನಾಲ್ಕು ವರ್ಷವಾಯಿತು. ಅವಳ ದನಿ ಎಲ್ಲೂ ಉಳಿದಿಲ್ಲ. ಉಳಿದಿರುವುದು ಅಂದು ಧ್ವನಿಮುದ್ರಿಸಿದ ಒಂದು ಹಾಡಿನೊಳಗಿನ ಆ ಚಪ್ಪಾಳೆಯೊಂದೇ.

ಈ ಚಳಿಗಾಲದಲ್ಲಿ ಒಂದು ಕಂಪನಿ ಆ ಹಳೆಯ ಹಾಡನ್ನು ಶುಚಿ ಮಾಡಿ ಮತ್ತೆ ಹೊರತರಲು ಹೊರಟಿದೆ. ಬಿಡುಗಡೆಯ ದಿನ ಅಮೋಸ್ ವೇದಿಕೆಯ ಮೇಲೆ ಕೈ ತಟ್ಟಬೇಕಂತೆ. ಮಗಳು ಲವೊನ್ ಕುಣಿದಾಡುತ್ತಾ ಬಂದು ಫೋನಿನಲ್ಲಿ ಹಾಡು ಹಾಕುತ್ತಾಳೆ. ಅಮೋಸ್ ಕೈಯಲ್ಲಿದ್ದ ಮೆಕ್ಕೆಜೋಳದ ಬ್ರೆಡ್ಡು ತಟ್ಟೆಗೆ ಬೀಳುತ್ತದೆ.

"ನಿಮ್ಮಮ್ಮ ಎಲ್ಲಿ?"

"ಅಪ್ಪಾ, ಶುರುವಾಯ್ತಾ ನಿಂದು? ಕಿವಿ ಮಂದ ಆಗಿದೆ ನಿಂಗೆ."

"ಕಿವಿ ಮೇಲೆ ಹೂ ಇಡ್ತಾ ಇದಾರೆ ಕಣೇ! ಹಳೇದು ಹಾಕು."

ಗೊಣಗುತ್ತಲೇ ಲವೊನ್ ಹಳೆಯ ಗ್ರಾಮಫೋನ್ ತಟ್ಟೆಯನ್ನು ಹಾಡಿನ ಪೆಟ್ಟಿಗೆಗೆ ಹಾಕುತ್ತಾಳೆ. ಕರಕರ ಸದ್ದಿನ ನಡುವೆ ಅಪ್ಪನ ಕೈ, ಅದರ ಬೆನ್ನಿಗೇ ಇನ್ನೊಂದು ಕೈ. ಹೊಸದರಲ್ಲಿ ಒಂದೇ ಸದ್ದು, ನೇರ, ನುಣುಪು. ಶುಚಿ ಮಾಡಿದ ಯಂತ್ರಕ್ಕೆ ತಡವೆಂದರೆ ತಪ್ಪು, ತಿದ್ದಿಬಿಟ್ಟಿದೆ. ಲವೊನ್ ಮುಳ್ಳನ್ನು ಮತ್ತೆ ಮೊದಲಿಗೆ ಇಡುತ್ತಾಳೆ. ಅವಳ ಕಣ್ಣು ತುಂಬಿದೆ.

ಕಂಪನಿಯ ಪ್ರೆಸ್ಕಾಟ್ ಫೋನಿನಲ್ಲಿ ಬೆಣ್ಣೆಯಂತೆ ಮಾತಾಡುತ್ತಾನೆ. "ಸರ್, ನಿಮ್ಮ ಹೆಸರನ್ನ ದೊಡ್ಡದಾಗಿ ಹಾಕ್ತೀವಿ."

"ಮೂಗಿಗೆ ತುಪ್ಪ ಸವರಬೇಡಪ್ಪಾ. ನನ್ ಹೆಸರು ನೀನೇ ಇಟ್ಕೋ. ಅವಳ ಕೈ ಎಲ್ಲಿತ್ತೋ ಅಲ್ಲೇ ಇಡು. ಇಲ್ದಿದ್ರೆ ವೇದಿಕೆಗೂ ಬರಲ್ಲ, ನನ್ ಫೋಟೊನೂ ಹಾಕೋ ಹಾಗಿಲ್ಲ."

ವಾರ ಕಳೆದ ಮೇಲೆ, ತಿದ್ದಿದ್ದನ್ನು ಬಿಟ್ಟು ಮೊದಲಿನಂತೆಯೇ ಮಾಡಿದ್ದೇವೆಂದು ಕಂಪನಿ ಹೇಳಿ ಕಳಿಸಿದೆ. ಅಮೋಸ್ ನಂಬುತ್ತಾರೆಯೇ! ಮನೆಯಲ್ಲಿ ಬೇಡ, ಚರ್ಚಿನಲ್ಲೇ ಕೇಳಬೇಕೆಂದು ಹಟ. ಹೊಸ ಪರದೆ ಕಳಚಿಸಿ, ಭಾನುವಾರ ಬೆಳಗಿನ ಜಾವ ಲವೊನ್ ಕೈಯಲ್ಲಿ ಹಾಡು ಹಾಕಿಸುತ್ತಾರೆ. ಒಮ್ಮೆ ಕೇಳಿ ಹುಬ್ಬು ಗಂಟಿಕ್ಕುತ್ತಾರೆ.

"ಇನ್ನೊಂದ್ ಸಲ."

ಎರಡನೆಯ ಸಲ ಎದ್ದು ನಿಂತು, ಹಾಡಿನ ಜೊತೆ ತಾವೂ ಕೈ ತಟ್ಟುತ್ತಾರೆ. ಅವರ ಅಂಗೈ ಸದ್ದು ಖಾಲಿ ಬೆಂಚುಗಳ ಮೇಲೆ ಹಾಯುತ್ತದೆ. ಅದರ ಬೆನ್ನಿಗೆ, ಕೂದಲೆಳೆಯಷ್ಟು ಬಿಟ್ಟು, ಇನ್ನೊಂದು. ಅಮೋಸ್ ಪಕ್ಕಕ್ಕೆ ಸರಿದು ಜಾಗ ಬಿಡುತ್ತಾರೆ.

"ಬಂದ್ಲು ನೋಡು," ಎನ್ನುತ್ತಾರೆ ಮಗಳಿಗೆ. "ಯಾವತ್ತಿನ ಹಾಗೇ, ತಡವಾಗಿ."